ಮೀನಿನ ಮಡಕೆ

ಗಾಜಿನ ತೊಟ್ಟಿ ಮನೆಗೆ ಬಂದ ದಿನ ಗಂಗಮಾಳಮ್ಮ ಎರಡು ಸಲ ಸ್ನಾನ ಮಾಡಿದಳು. ಒಂದು ನಿತ್ಯದ್ದು. ಇನ್ನೊಂದು, ಮಗ ಚಂದ್ರಶೇಖರಯ್ಯ ಆ ತೊಟ್ಟಿಗೆ ನೀರು ತುಂಬಿಸಿ, ತಾನು ಪಾಠ ಹೇಳುವ ಹೈಸ್ಕೂಲಿನಿಂದ ಜಾಡಿಯಲ್ಲಿ ತಂದಿದ್ದ ಆರು ಮೀನುಗಳನ್ನು ಅದರೊಳಕ್ಕೆ ಬಿಟ್ಟ ಮೇಲೆ.

"ಲಿಂಗ ಕಟ್ಟಿದ ಮನೆ ಕಣೋ ಇದು," ಅಂದಳು ಒದ್ದೆ ಸೆರಗು ಹಿಂಡುತ್ತಾ. "ನಿಮ್ಮಪ್ಪ ಇದ್ದಿದ್ರೆ ಆ ಗಾಜಿನ ಸಮೇತ ನಿನ್ನೂ ಬೀದಿಗೆ ಇಡೋರು."

"ತಿನ್ನೋಕಲ್ಲಮ್ಮ, ನೋಡೋಕೆ. ಮಲೇರಿಯಾದೋರು ಬಾವಿಗೆ ಬಿಡೋಕೆ ಅಂತ ಕೊಟ್ಟಿರೋದು. ಸೊಳ್ಳೆ ಮರಿ ತಿಂತವೆ. ಗಪ್ಪಿ ಅಂತ ಹೆಸರು."

"ಗೊಪ್ಪಿನೋ ಗಿಪ್ಪಿನೋ. ನಾತ ಒಂದೇ."

ತೊಟ್ಟಿ ಮಾಡಿದವನು ಶಿರಾದ ಅಹಮದ್ ಷರೀಫ್. ಲಾಟೀನಿಗೆ ಗಾಜು ಕೂರಿಸುವುದು, ಪಟಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಮೇಷ್ಟರು ಕಾಗದದ ಮೇಲೆ ಗೀಚಿಕೊಟ್ಟದ್ದನ್ನು ನೋಡಿ ತಗಡಿನ ಚೌಕಟ್ಟಿಗೆ ನಾಲ್ಕು ಗಾಜು ಕೂರಿಸಿ, ಸಂದುಗಳಿಗೆ ಪುಟ್ಟಿ ಮೆತ್ತಿ, ಗೋಣಿಚೀಲ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಮಧುಗಿರಿಯವರೆಗೆ ತಂದಿದ್ದ. ಹೊರಡುವಾಗ ಒಂದು ಮಾತು ಹೇಳಿದ್ದ: "ಮೇಷ್ಟ್ರೇ, ನೀರು ತುಂಬಿದ ಮೇಲೆ ಜಾಗ ಬದಲಾಯಿಸಬ್ಯಾಡಿ. ಅಲ್ಲಾಡ್ತು ಅಂದ್ರೆ ಪುಟ್ಟಿ ಬಿಡ್ತದೆ. ಆಮೇಲೆ ಈ ಸಾಬಿ ಮೋಸ ಮಾಡ್ದ ಅನ್ಬ್ಯಾಡಿ."

ತೊಟ್ಟಿಯನ್ನು ಪಡಸಾಲೆಯಲ್ಲಿ ಇಡಲು ಗಂಗಮಾಳಮ್ಮ ಬಿಡಲಿಲ್ಲ. ಪೂಜೆಯ ಮೂಲೆ ಅಲ್ಲಿಂದ ಕಾಣುತ್ತದೆ. ಕೊನೆಗೆ ಬಚ್ಚಲಿನ ಪಕ್ಕದ ಕಿರುಕೋಣೆ ಗೊತ್ತಾಯಿತು. ಷರತ್ತುಗಳೂ ಗೊತ್ತಾದವು. ಮೀನಿಗೆ ಹಾಕುವ ನೀರಿಗೆ ಬೇರೆ ಮಡಕೆ. ಬಾವಿಯಿಂದ ಸೇದಿದ್ದನ್ನು ಒಂದು ದಿನ ಅದರಲ್ಲಿ ನಿಲ್ಲಿಸಿ ಮಾರನೆಯ ದಿನ ತೊಟ್ಟಿಗೆ ಹುಯ್ಯಬೇಕೆಂದು ಮಗ ಹೇಳಿದನಲ್ಲ, ಆ ಮಡಕೆ ಆ ಕೋಣೆ ಬಿಟ್ಟು ಈಚೆ ಬರಬಾರದು. ಅದನ್ನು ಮುಟ್ಟಿದವರು ಮಿಂದು ಬಟ್ಟೆ ಬದಲಾಯಿಸದೆ ಅಡುಗೆಮನೆಯ ಹೊಸಲು ದಾಟಬಾರದು.

ಸೊಸೆ ಜಗದಾಂಬ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆ ಕಿರುಕೋಣೆ ಅವಳಿಗೆ ಚೆನ್ನಾಗಿ ಗೊತ್ತು. ಅದು ಆ ಮನೆಯ ಬಾಣಂತಿ ಕೋಣೆ. ಎರಡು ಸಲ ಅಲ್ಲಿ ಮಲಗಿದ್ದಾಳೆ. ಎರಡು ಸಲವೂ ಬರಿಗೈಯಲ್ಲಿ ಹೊರಗೆ ಬಂದಿದ್ದಾಳೆ. ಮೊದಲನೆಯದು ಗಂಡು, ಹತ್ತೊಂಬತ್ತು ದಿನ ಇತ್ತು. ಎರಡನೆಯದು ಹೆಣ್ಣು, ಹನ್ನೆರಡು ದಿನ. ಎರಡಕ್ಕೂ ಹುಟ್ಟುವಾಗ ಏನೂ ಕೊರತೆ ಇರಲಿಲ್ಲ, ಗಟ್ಟಿಯಾಗಿ ಅತ್ತಿದ್ದವು. ಆಮೇಲೆ ಅವಳ ಎದೆಯಲ್ಲಿ ಹಾಲು ಬತ್ತಿತು. ಕೂಸಿನ ಅಳು ದಿನದಿನಕ್ಕೆ ಸಣ್ಣದಾಯಿತು. ತವರು ಪಾವಗಡದ ಆಚೆ ವಳ್ಳೂರು. ಅಲ್ಲಿ ತಾಯಿ ಇಲ್ಲ, ಬಾಣಂತನಕ್ಕೆ ಕರೆಯುವವರು ಯಾರೂ ಇಲ್ಲ.

ಈಗ ಮತ್ತೆ ಐದು ತಿಂಗಳು.

ತೊಟ್ಟಿ ಬಂದ ವಾರಕ್ಕೆ ಕೊರಟಗೆರೆಯಿಂದ ಓರಗಿತ್ತಿ ಕಮಲಾಕ್ಷಮ್ಮ ಬಂದಳು. ಚಂದ್ರಶೇಖರಯ್ಯನ ಅಣ್ಣ ನಾಗಲಿಂಗಯ್ಯನಿಗೆ ಕೊರಟಗೆರೆ ಪೇಟೆಯಲ್ಲಿ ದಿನಸಿ ಅಂಗಡಿ. ಮದುವೆಯಾಗಿ ಹದಿನಾರು ವರ್ಷವಾದರೂ ಕಮಲಾಕ್ಷಮ್ಮನ ಮಡಿಲು ತುಂಬಿರಲಿಲ್ಲ. ದಪ್ಪ ಮೈಯ, ಮೆತ್ತನೆ ಮಾತಿನ ಹೆಂಗಸು. ಬರುವಾಗ ಕೈಚೀಲದಲ್ಲಿ ಹಳೆಯ ಬೆಳ್ಳಿಯ ಒಳಲೆ ತಂದಿದ್ದಳು. ಕೂಸಿಗೆ ಹಾಲು ಹಾಕುವ ಆ ಪುಟ್ಟ ಬಟ್ಟಲನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಹೊಳೆಯುವಂತೆ ಮಾಡಿದ್ದಳು. ಅದನ್ನು ನೋಡಿದಾಗಲೇ ಜಗದಾಂಬಳಿಗೆ ವಿಷಯ ಅರ್ಥವಾಗಿಹೋಯಿತು.

ಗಂಗಮಾಳಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. ಹುರುಳಿ ಹಸನು ಮಾಡುತ್ತಿದ್ದವಳು ಮೊರವನ್ನು ಕೆಳಗಿಟ್ಟು ಹೇಳಿದಳು:

"ನೋಡಮ್ಮಿ, ನಾನು ಕಟುಕಳಲ್ಲ. ನಾಲ್ಕು ಕೂಸು ಮಣ್ಣು ಮಾಡಿದೋಳು ನಾನೂ. ಎರಡು ಹೋದ್ವು, ಮೂರನೇದೂ ಹೋಗೋದು ನಾನು ನೋಡಲಾರೆ. ಹೆತ್ತ ಹತ್ತನೇ ದಿನ ನಿನ್ನ ತಲೆಗೆ ನೀರು ಹಾಕ್ತೀವಲ್ಲ, ಅಷ್ಟ್ರಲ್ಲಿ ಎದೇಲಿ ಹಾಲು ಬಂತೋ, ಕೂಸು ನಿಂದು. ಬರ್ಲಿಲ್ವೋ, ಕಮಲಾಕ್ಷಿ ಎತ್ಕಂಡು ಹೋಗ್ತಾಳೆ. ಅವಳ ಮನೇಲಿ ಹಸ ಐತೆ. ಬೆಳೀತದೆ."

"ಅತ್ತೆಮ್ಮಾ..."

"ಅಳಬ್ಯಾಡ. ಹಾಲು ಬಂದ್ರೆ ನಿಂದೇ ಅಂದ್ನಲ್ಲ."

ಕಮಲಾಕ್ಷಮ್ಮ ಒಳಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ದೇವರು ಹಾಲು ಕೊಡಲಿ ಕಣೇ ತಂಗಿ, ನಾನೇನು ಬ್ಯಾಡ ಅಂತೀನಾ," ಅಂದಳು. ಅವಳ ಕಣ್ಣು ಮಾತ್ರ ಜಗದಾಂಬಳ ಹೊಟ್ಟೆ ಬಿಟ್ಟು ಬೇರೆ ಕಡೆ ಹೋಗಲಿಲ್ಲ. ಆ ಕಣ್ಣಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಜಗದಾಂಬಳನ್ನು ಹೆಚ್ಚು ಹೆದರಿಸಿದ್ದು.

ಮೀನಿನ ಕೆಲಸ ಅವಳ ಪಾಲಿಗೆ ಬಂತು. ಗಂಡ ಶಾಲೆಗೆ ಹೋದ ಮೇಲೆ ಯಾರಾದರೂ ನೋಡಿಕೊಳ್ಳಬೇಕಲ್ಲ. ಅತ್ತೆ ಆ ಕಡೆ ಸುಳಿಯುತ್ತಿರಲಿಲ್ಲ. ಬೆಳಗ್ಗೆ ಮೀಯುವ ಮೊದಲು ಜಗದಾಂಬ ಆ ಕೋಣೆಗೆ ಹೋಗಿ, ಕಿರುಗಿಂಡಿಯ ಬೆಳಕಿನಲ್ಲಿ ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದಳು. ಗಂಡು ಮೀನುಗಳು ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ಬಾಲದಲ್ಲಿ ಅರಿಶಿನ ಕುಂಕುಮದ ಚುಕ್ಕೆ. ಹೆಣ್ಣುಗಳಿಗೆ ಬಣ್ಣವಿಲ್ಲ, ಬೂದಿ ಮೈ, ಡುಬ್ಬ ಹೊಟ್ಟೆ. ಹೊಟ್ಟೆಯ ಹಿಂಬದಿಯಲ್ಲಿ ಒಂದು ಕಪ್ಪು ಮಚ್ಚೆ.

"ಅದು ಕಪ್ಪಾಗ್ತಾ ಬಂದ್ರೆ ದಿನ ತುಂಬ್ತು ಅಂತ," ಎಂದ ಗಂಡ. "ಇದು ಮೊಟ್ಟೆ ಇಡೋ ಮೀನಲ್ಲ ಜಗದಾ. ಮರೀನೇ ಹಾಕುತ್ತೆ. ಹಾಕಿದ ತಕ್ಷಣ ತಾಯೀನ ಬೇರೆ ಮಾಡಬೇಕು. ಇಲ್ಲಾಂದ್ರೆ ತಾನೇ ತಿಂದುಬಿಡುತ್ತೆ."

"ತಾನು ಹೆತ್ತಿದ್ದನ್ನೇ?"

"ಪುಸ್ತಕದಲ್ಲಿ ಹಂಗೇ ಇದೆ."

ಗಂಗಮಾಳಮ್ಮ ಅದನ್ನು ಬಚ್ಚಲಿನಿಂದಲೇ ಕೇಳಿಸಿಕೊಂಡಿದ್ದಳು. ಮಾರನೆಯ ದಿನ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯವಳ ಹತ್ತಿರ, "ನಮ್ಮನೆಗೆ ಬರೋವೆಲ್ಲ ಅಂಥವೇ ಕಣಮ್ಮ, ನೀರಲ್ಲಿರೋವೂ ಅಷ್ಟೇ, ನೆಲದ ಮೇಲಿರೋವೂ ಅಷ್ಟೇ," ಎಂದು ನಕ್ಕಳು. ಕೊಡ ಹೊತ್ತುಕೊಂಡಿದ್ದ ಜಗದಾಂಬ ತಲೆ ತಗ್ಗಿಸಿ ನಡೆದುಬಂದಳು. ಮನೆ ಮುಟ್ಟುವಷ್ಟರಲ್ಲಿ ಕೊಡದ ನೀರು ಅರ್ಧ ಚೆಲ್ಲಿತ್ತು.

ಮೊದಲನೆಯ ಹೆಣ್ಣು ಒಂದು ಭಾನುವಾರ ಮರಿ ಹಾಕಿತು. ಗಂಡ ಮನೆಯಲ್ಲೇ ಇದ್ದ. ಚಹಾ ಸೋಸುವ ಜಾಲರಿಯಿಂದ ತಾಯಿಯನ್ನು ಹಿಡಿದು ಜಾಡಿಗೆ ಹಾಕುವಷ್ಟರಲ್ಲಿ ಅದು ನಾಲ್ಕನ್ನು ನುಂಗಿಯಾಗಿತ್ತು. ಉಳಿದ ಹನ್ನೊಂದು, ಕಣ್ಣು ಮಾತ್ರ ಇರುವ ನೂಲಿನ ಎಳೆಗಳ ಹಾಗೆ ಮೂಲೆಯಲ್ಲಿ ನಿಂತಿದ್ದವು. ಪುಸ್ತಕದ ಪ್ರಕಾರ ಅವಕ್ಕೆ ಬೇಯಿಸಿದ ಕೋಳಿಮೊಟ್ಟೆಯ ಹಳದಿ ಹಾಕಬೇಕು. ಆ ಮಾತನ್ನು ಗಂಡ ಪಿಸುಗುಟ್ಟಿ ಹೇಳಿ ತಾನೇ ನಕ್ಕುಬಿಟ್ಟ. ಜಗದಾಂಬ ಹುರಿಗಡಲೆಯನ್ನು ಒರಳಲ್ಲಿ ನುಣ್ಣಗೆ ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಚಿಟಿಕೆ ಚಿಟಿಕೆಯಾಗಿ ಉದುರಿಸಿದಳು. ಹಿತ್ತಿಲ ಕಲ್ಲುಬಾನಿಯಲ್ಲಿ ನಿಂತ ನೀರಿನಿಂದ ಸೊಳ್ಳೆಮರಿಗಳನ್ನು ಸೆರಗಿನಲ್ಲಿ ಸೋಸಿ ತಂದು ದೊಡ್ಡವಕ್ಕೆ ಹಾಕಿದಳು. ಹನ್ನೊಂದರಲ್ಲಿ ಒಂಬತ್ತು ಉಳಿದವು.

ಅವು ಅವಳ ಕೈಯಲ್ಲಿ ಉಳಿದ ಮೊದಲ ಮರಿಗಳು.

ಎರಡನೆಯ ಸಲ ಗಂಡ ಪರೀಕ್ಷೆಯ ಕೆಲಸಕ್ಕೆ ತುಮಕೂರಿಗೆ ಹೋಗಿದ್ದ. ಮಧ್ಯಾಹ್ನ ಊಟವಾದ ಮೇಲೆ ನೋಡುತ್ತಾಳೆ, ಹೆಣ್ಣೊಂದು ತಳದಲ್ಲಿ ನಿಂತು ಮೈ ನಡುಗಿಸುತ್ತಿದೆ. ಮುದುರಿದ ಚುಕ್ಕೆಯೊಂದು ಹೊರಬಿತ್ತು, ಬಿಚ್ಚಿಕೊಂಡು ಈಜಿತು. ಜಾಲರಿಗೆ ತಡಕಾಡಿದಳು, ಸಿಗಲಿಲ್ಲ. ಗಂಡ ಎಲ್ಲಿ ಇಟ್ಟಿದ್ದನೋ. ಎಂಟು ತಿಂಗಳ ಹೊಟ್ಟೆ ಹೊತ್ತು ಬಗ್ಗಿ ಕೈಯಿಂದ ಹಿಡಿಯಲೂ ಆಗಲಿಲ್ಲ. ಏನು ಮಾಡುವುದೆಂದು ತಿಳಿಯದೆ ಹಿತ್ತಿಲಿಗೆ ಓಡಿ, ಬಾನಿಯಲ್ಲಿ ಬೆಳೆದಿದ್ದ ಪಾಚಿಯನ್ನು ಬೊಗಸೆ ತುಂಬ ತಂದು ತೊಟ್ಟಿಗೆ ಹಾಕಿದಳು. ಬಾನಿಯಲ್ಲಿದ್ದ ಸೊಳ್ಳೆಮರಿಗಳನ್ನೆಲ್ಲ ಸೋಸಿ ತಾಯಿಯ ಬಾಯ ಮುಂದೆ ಸುರಿದಳು. "ತಿನ್ನೇ ತಾಯಿ, ಇದನ್ನ ತಿನ್ನು, ಹೊಟ್ಟೆ ಬಿರಿಯ ತಿನ್ನು," ಎಂದು ಗೊಣಗಿಕೊಂಡಳು. ಮೀನು ತಿಂದಿತು. ತಿಂದು ತಿಂದು ಸಾಕಾಗಿ ಮೂಲೆಯಲ್ಲಿ ನಿಂತಿತು. ಮರಿಗಳು ಅದರ ಕಣ್ಣೆದುರೇ ಪಾಚಿಯ ಸಂದಿನಲ್ಲಿ ಹೋಗಿ ಬಂದು ಮಾಡಿದವು. ಅದು ಮುಖ ಕೂಡ ತಿರುಗಿಸಲಿಲ್ಲ.

ಮಾರನೆಯ ಬೆಳಗ್ಗೆ ಇಪ್ಪತ್ತಮೂರು ಮರಿಗಳಿದ್ದವು. ಮೂರು ಸಲ ಎಣಿಸಿದಳು.

ಗಂಡ ಬಂದಾಗ ಕಾಲು ತೊಳೆಯುವುದಕ್ಕೂ ಬಿಡದೆ ಕರೆದುಕೊಂಡು ಹೋಗಿ ತೋರಿಸಿದಳು. "ಹೊಟ್ಟೆ ತುಂಬಿದ್ರೆ ತಿನ್ನಲ್ಲ ನೋಡಿ. ಅದಕ್ಕೆ ಹಸಿವು. ಹೆತ್ತ ಹಸಿವು. ನಿಮ್ಮ ಪುಸ್ತಕದೋರು ಅದಕ್ಕೆ ಏನೂ ಹಾಕದೆ ನೋಡಿರಬೇಕು."

ಚಂದ್ರಶೇಖರಯ್ಯನ ಕಣ್ಣು ಅರಳಿತು. ನೋಟ್‌ಬುಕ್ ತೆಗೆದು ಬರೆದುಕೊಂಡ. ಇದನ್ನು ವಿಜ್ಞಾನದ ಮಾಸಪತ್ರಿಕೆಯೊಂದಕ್ಕೆ ಕಳಿಸಬೇಕು ಅಂದ. ಅವಳು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನನಗೂ ಹಂಗೇ ಆಗಿದ್ದು. ಎರಡು ಸಲವೂ. ದಿನಕ್ಕೆ ಒಂದು ಲೋಟ ಕಾದ ನೀರು, ಒಂದು ಹಿಡಿ ಅನ್ನ, ಮೆಣಸಿನ ಸಾರು. ನಾಲಿಗೆ ಅಂಗುಳಕ್ಕೆ ಅಂಟ್ತಿತ್ತು. ಪಕ್ಕದ ಮನೆ ಎಮ್ಮೆ ಈದಾಗ ಅತ್ತೆಮ್ಮನೇ ಹೋಗಿ ಬಾನಿಗಟ್ಟಲೆ ಕಲಗಚ್ಚು ಕುಡಿಸ್ತಾರೆ. ನೀರಿಲ್ದೆ ಹಾಲು ಎಲ್ಲಿಂದ ಬರಬೇಕು? ಈ ಸಲ ನೀವು ಒಂದು ಮಾತು ಹೇಳಿ. ನೀರು ಕೊಡೋಕೆ ಹೇಳಿ."

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. ತೊಟ್ಟಿಯನ್ನೇ ನೋಡುತ್ತಾ, "ಹೆಂಗಸರ ವಿಷಯ ಅದು. ಅಮ್ಮನ ಹತ್ತಿರ ನಾನು ಹೆಂಗೆ ಹೇಳಲಿ?" ಅಂದ. ನೋಟ್‌ಬುಕ್ ಮುಚ್ಚುತ್ತಾ, "ನೋಡೋಣ," ಅಂದ.

ಕೂಸು ಮಾಘ ಮಾಸದಲ್ಲಿ ಹುಟ್ಟಿತು. ಹೆಣ್ಣು. ತೊಟ್ಟಿಯನ್ನು ಆ ಕೋಣೆಯಿಂದ ತೆಗೆಸಬೇಕೆಂದು ಗಂಗಮಾಳಮ್ಮ ಹಟ ಹಿಡಿದಿದ್ದಳು. ಆದರೆ ಅಲ್ಲಾಡಿಸಿದರೆ ಪುಟ್ಟಿ ಬಿಡುತ್ತದೆ, ನೀರು ಪಡಸಾಲೆಯವರೆಗೂ ಹರಿಯುತ್ತದೆ ಎಂದು ಮಗ ಹೆದರಿಸಿದ. ಮೀನಿನ ನೀರು ಮನೆಯೆಲ್ಲ ಹರಿಯುವುದಕ್ಕಿಂತ ಅದು ಮೂಲೆಯಲ್ಲಿ ಬಿದ್ದಿರುವುದೇ ಮೇಲೆನಿಸಿ ಅವಳು ಸುಮ್ಮನಾದಳು. ನಡುವೆ ಒಂದು ಹಳೆಯ ಸೀರೆ ಅಡ್ಡ ಕಟ್ಟಿದಳು.

ಮೂರನೆಯ ದಿನ ಮಠದ ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟಿದರು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಶುಂಠಿ ಕಷಾಯ ಒಂದು ಬಟ್ಟಲು, ಸಂಜೆ ಒಂದು ಲೋಟ ಕಾದಾರಿದ ನೀರು.

"ಇನ್ನೊಂದು ಗುಟುಕು ಕೊಡಿ ಅತ್ತೆಮ್ಮಾ."

"ನಂಜಾಗ್ತದೆ ಕಣೇ. ಹೊಟ್ಟೆ ಕೊಡ ಆಗ್ತದೆ. ನಾನೂ ಹಿಂಗೇ ಬಾಣಂತನ ಮಾಡಿಸ್ಕಂಡೋಳು, ಸತ್ತೋದ್ನಾ?"

ಮೂರು ದಿನ ಎದೆ ಒಣಗಿದ ಬೂರುಗದ ಕಾಯಿಯ ಹಾಗೆ ಹಗುರಾಗಿತ್ತು. ಕೂಸು ಬಾಯಿಟ್ಟು ಎಳೆದು, ಏನೂ ಸಿಗದೆ, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿತ್ತು. ನಾಲ್ಕನೆಯ ಬೆಳಗ್ಗೆ ಅತ್ತೆ ಪೂಜೆಗೆ ಕೂತಾಗ ಜಗದಾಂಬ ಮಂಚದಿಂದ ಇಳಿದು, ಅಡ್ಡಸೀರೆ ಸರಿಸಿ, ಮೀನಿನ ಮಡಕೆಯ ಮುಂದೆ ಮಂಡಿಯೂರಿದಳು. ಒಂದು ಗಳಿಗೆ ಕೈ ಮುಂದೆ ಹೋಗಲಿಲ್ಲ. ಅವಳೂ ಅದೇ ಮನೆಯ ಅನ್ನ ಉಂಡವಳು. ಹೇಸಿಗೆ ಅವಳಿಗೂ ಇತ್ತು. ಕೂಸು ಅತ್ತಿತು. ಬೊಗಸೆ ತುಂಬಿಸಿ ಕುಡಿದಳು. ತಣ್ಣಗಿತ್ತು. ಮಣ್ಣಿನ ವಾಸನೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಬಾವಿಯ ನೀರು, ಅಷ್ಟೇ. ಕುತ್ತಿಗೆ, ಎದೆ, ಹೊಟ್ಟೆ, ಎಲ್ಲ ಕಡೆ ಅದು ಇಳಿಯುವುದು ಅವಳಿಗೆ ಗೊತ್ತಾಗುತ್ತಿತ್ತು.

ಸಂಜೆ ಗಂಡ ಮೀನಿಗೆ ನೀರು ಬದಲಾಯಿಸಲು ಬಂದವನು ಮಡಕೆಯೊಳಗೆ ಬಗ್ಗಿ ನೋಡಿದ. ಅಡ್ಡಸೀರೆಯ ಕಡೆ ಒಮ್ಮೆ ನೋಡಿದ. ಬಾವಿಗೆ ಎರಡು ಸಲ ಹೋಗಿ ಬಂದು ಮಡಕೆಯನ್ನು ಕಂಠದವರೆಗೂ ತುಂಬಿಸಿದ.

"ಇದೇನೋ ಚಂದ್ರು, ನಿನ್ನ ಮೀನುಗಳು ಒಂದು ಕೊಡ ನೀರು ಕುಡೀತವಾ?" ಎಂದು ಹೊರಗಿನಿಂದ ತಾಯಿ ಕೇಳಿದಳು.

"ಕೆಂಡದ ಕಾವಿಗೆ ಆರುತ್ತೆ ಅಮ್ಮ."

ಜಗದಾಂಬ ಆ ಸುಳ್ಳನ್ನು ಮಂಚದ ಮೇಲೆ ಮಲಗಿ ಕೇಳಿದಳು. ಮದುವೆಯಾದ ಆರು ವರ್ಷದಲ್ಲಿ ಅವನು ಅವಳಿಗಾಗಿ ಹೇಳಿದ ಮೊದಲನೆಯ ಮಾತು ಅದು. ಆ ದಿನ ಅವಳಿಗೆ ಗಂಡ ಇದ್ದಾನೆ ಎನಿಸಿತು.

ಆರನೆಯ ದಿನ ಹಾಲು ಬಂತು. ಮೊದಲು ಎದೆ ಕಲ್ಲಿನಂತೆ ಬಿಗಿಯಿತು, ಆಮೇಲೆ ಕುಪ್ಪಸ ತೊಯ್ದಿತು. ಕೂಸು ಗುಟುಕರಿಸುವ ಸದ್ದು ಕೋಣೆಯಲ್ಲೆಲ್ಲ ಕೇಳಿಸಿತು. ಗಂಗಮಾಳಮ್ಮ ನೋಡಿ, ನಂಬಲಾರದೆ ಒಮ್ಮೆ ಬೆರಳಿಂದ ಒತ್ತಿ ನೋಡಿ, ಕಣ್ಣಲ್ಲಿ ನೀರು ತಂದುಕೊಂಡಳು. ವಿಭೂತಿ ತಂದು ಇಬ್ಬರ ಹಣೆಗೂ ಹಚ್ಚಿದಳು. "ಶಿವ ಕಣ್ಣು ಬಿಟ್ಟ ಕಣೇ," ಅಂದಳು. ಎಂಟನೆಯ ದಿನ ಬೆಳಗ್ಗೆ ಬಂದಿಳಿದ ಕಮಲಾಕ್ಷಮ್ಮ ಸುದ್ದಿ ಕೇಳಿ, "ಒಳ್ಳೇದಾಯ್ತು," ಎಂದು ಹೇಳಿ ಹಿತ್ತಿಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಅದೇ ದಿನ ಚಂದ್ರಶೇಖರಯ್ಯ ಶಾಲೆಗೆ ಇನ್‌ಸ್ಪೆಕ್ಟರು ಬರುತ್ತಾರೆಂದು ಗಡಿಬಿಡಿಯಲ್ಲಿ ಹೋಗಿದ್ದ. ಹಿಂದಿನ ಸಂಜೆಯೂ ಅದೇ ಗಡಿಬಿಡಿಯಲ್ಲಿ ಮಡಕೆ ತುಂಬಿಸುವುದನ್ನು ಮರೆತಿದ್ದ. ಮಧ್ಯಾಹ್ನದ ಹೊತ್ತಿಗೆ ಮಡಕೆಯ ತಳ ಕಾಣುತ್ತಿತ್ತು. ಕೂಸು ಎರಡೂ ಎದೆ ಬರಿದು ಮಾಡಿ ಇನ್ನೂ ಬಾಯಿ ಆಡಿಸುತ್ತಿತ್ತು. ಒಂದು ದಿನ ಬತ್ತಿದರೂ ಸಾಕು, ಹತ್ತನೆಯ ದಿನಕ್ಕೆ ಎರಡೇ ದಿನ ಇದೆ. ಜಗದಾಂಬ ಲೋಟ ತೆಗೆದುಕೊಂಡು, ಅದರ ಬಾಯಿಗೆ ಸೆರಗನ್ನು ಎರಡು ಮಡಿಕೆ ಮಾಡಿ ಕಟ್ಟಿ, ತೊಟ್ಟಿಯ ನೀರನ್ನೇ ಬೊಗಸೆಯಲ್ಲಿ ಮೊಗೆದು ಹಾಕಿದಳು. ಸೆರಗಿನ ಮೇಲೆ ನಾಲ್ಕು ಮರಿಗಳು ಉಳಿದು ಮಿಲಮಿಲನೆ ಒದ್ದಾಡಿದವು. ಮೊದಲು ಅವನ್ನು ತೊಟ್ಟಿಗೆ ಬಿಡಬೇಕೆಂದು ಬಟ್ಟೆಯನ್ನು ನೀರಿಗೆ ಇಳಿಸುತ್ತಿದ್ದಳು. ಆಗ ಕೂಸಿಗೆ ಸಾಂಬ್ರಾಣಿ ಹೊಗೆ ಹಾಕಲು ಗಂಗಮಾಳಮ್ಮ ಒಳಗೆ ಬಂದಳು.

ಧೂಪದ ತಟ್ಟೆ ಅವಳ ಕೈಯಿಂದ ಬೀಳಲಿಲ್ಲ. ಅದನ್ನು ನಿಧಾನವಾಗಿ ನೆಲದ ಮೇಲಿಟ್ಟಳು.

"ಎಷ್ಟು ದಿನದಿಂದ?"

ಜಗದಾಂಬಳಿಗೆ ಸುಳ್ಳು ಹೇಳಬೇಕೆನಿಸಲಿಲ್ಲ. "ನಾಲ್ಕನೇ ದಿನದಿಂದ. ಮಡಕೆ ನೀರು. ಅದು ಬಾವಿ ನೀರೇ ಅತ್ತೆಮ್ಮಾ. ಇವತ್ತು ಮಡಕೆ ಬರಿದಾಗಿತ್ತು, ಅದಕ್ಕೆ..."

"ಲಿಂಗ ಕಟ್ಟಿದ ಕೂಸು!" ಗಂಗಮಾಳಮ್ಮನ ದನಿ ಏರಿತು. "ಮೀನು ಹೇತ ನೀರು ಕುಡಿದು, ಆ ಹಾಲನ್ನ ಲಿಂಗ ಕಟ್ಟಿದ ಕೂಸಿನ ಬಾಯಿಗೆ ಇಟ್ಟೆಯೇನೇ? ಶಿವ ಕಣ್ಣು ಬಿಟ್ಟ ಅಂತ ನಾನು ವಿಭೂತಿ ಹಚ್ಚಿದ್ನಲ್ಲೇ!"

ಅವಳು ಕೂಸನ್ನು ಎತ್ತಿಕೊಂಡು ಹೊರಟುಬಿಟ್ಟಳು. ಸಂಜೆಯವರೆಗೆ ಪಡಸಾಲೆಯಿಂದ ಕೂಸಿನ ಅಳು, ಒಳಲೆಯ ಸಣ್ಣ ಸದ್ದು, ಕಮಲಾಕ್ಷಮ್ಮನ "ಜೋಜೋ ನನ್ನವ್ವ" ಕೇಳಿಸುತ್ತಿತ್ತು. ಅಳು ಕೇಳಿದಾಗಲೆಲ್ಲ ಜಗದಾಂಬಳ ಎದೆಯಿಂದ ಹಾಲು ತಾನಾಗಿ ಸುರಿಯಿತು.

ಗಂಡ ಬಂದ. ಚಪ್ಪಲಿ ಬಿಡುವ ಮೊದಲೇ ತಾಯಿ ಎದುರು ನಿಂತಳು. ಅಡ್ಡಸೀರೆ ಕಿತ್ತು ಬಿದ್ದಿತ್ತು, ಬಾಗಿಲು ತೆರೆದಿತ್ತು. ಮಂಚದ ಮೇಲಿಂದ ಜಗದಾಂಬಳಿಗೆ ಅವನ ಮುಖ ಪೂರ್ತಿ ಕಾಣುತ್ತಿತ್ತು.

"ನೀನು ಓದಿದೋನು. ಸೈನ್ಸು ಹೇಳಿಕೊಡೋನು. ನಾನು ಹಳೇ ಮುದುಕಿ, ನನ್ನ ಮಾತು ಬುಡು," ಅಂದಳು ಗಂಗಮಾಳಮ್ಮ. "ನೀನೇ ಹೇಳು. ಆ ತೊಟ್ಟಿ ನೀರು ಬಾಣಂತಿ ಕುಡಿದ್ರೆ ಕೂಸಿಗೆ ಒಳ್ಳೇದಾ, ಕೆಟ್ಟದ್ದಾ? ನೀನು ಹೆಂಗೆ ಹೇಳಿದ್ರೆ ಹಂಗೆ."

ಅದು ನಿಜವಾದ ಪ್ರಶ್ನೆ. ಜಗದಾಂಬಳಿಗೆ ಆಮೇಲೂ, ಎಷ್ಟೋ ವರ್ಷ, ಅತ್ತೆಯ ಆ ಮುಖ ನೆನಪಿಗೆ ಬರುತ್ತಿತ್ತು. ಮುದುಕಿ ಹೆದರಿದ್ದಳು. ಮಗ ಏನು ಹೇಳಿದರೂ ಕೇಳುತ್ತಿದ್ದಳು.

ಚಂದ್ರಶೇಖರಯ್ಯ ಮೊದಲು ಹೆಂಡತಿಯ ಕಡೆ ನೋಡಿದ. ಆಮೇಲೆ ನೆಲ ನೋಡಿದ. ಕುಡಿದದ್ದು ಬಾವಿಯ ನೀರು ಎಂದು ಹೇಳಬಹುದಿತ್ತು. ತುಂಬಿಸಿಟ್ಟವನು ನಾನೇ ಎಂದು ಹೇಳಬಹುದಿತ್ತು. ಹೊಟ್ಟೆ ತುಂಬಿದ ತಾಯಿ ಮರಿಯನ್ನು ತಿನ್ನುವುದಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಅವನ ಜೇಬಿನಲ್ಲೇ ಇತ್ತು.

"ನಿಂತ ನೀರಲ್ಲಿ ಕ್ರಿಮಿ ಇರುತ್ತೆ ಅಮ್ಮ," ಅಂದ ಕೊನೆಗೆ. "ಕುಡೀಬಾರದಿತ್ತು."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಕೇಳಿದ್ಯಾ?" ಎಂದಳು ಗಂಗಮಾಳಮ್ಮ, ಕೋಣೆಯ ಕಡೆ ತಿರುಗಿ. ಅವಳ ದನಿಯಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಿತ್ತು.

ಜಗದಾಂಬ ಎದ್ದು ಬಾಗಿಲವರೆಗೆ ಬಂದಳು. "ಹಾಲು ಬಂದ್ರೆ ನಿಂದು ಅಂದಿದ್ರಿ ಅತ್ತೆಮ್ಮಾ."

"ಹಾಲು ಅಂದಿದ್ದೆ. ಅದು ಹಾಲಲ್ಲ."

ಹತ್ತನೆಯ ದಿನ ಅವಳ ತಲೆಗೆ ನೀರು ಹಾಕಿದರು. ಹಂಡೆ ತುಂಬ ಬಿಸಿನೀರು, ಚೊಂಬಿನ ಮೇಲೆ ಚೊಂಬು. ಹಣೆಯಿಂದ ಇಳಿದ ನೀರು ತುಟಿಗೆ ತಾಗಿದಾಗ ಅವಳು ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಮೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಕಮಲಾಕ್ಷಮ್ಮ ಕೂಸನ್ನು ಕಂಬಳಿಯಲ್ಲಿ ಸುತ್ತಿ ಬಸ್ ಸ್ಟ್ಯಾಂಡಿಗೆ ಹೋಗಿಯಾಗಿತ್ತು. ಕೊರಟಗೆರೆ ಬಸ್ಸು ಹನ್ನೊಂದಕ್ಕೆ. ಹೊರಡುವ ಮೊದಲು ಅವಳು ಕೋಣೆಯ ಹೊಸಲಿನ ಮೇಲೆ ಒಂದು ಸೇರು ಕಲ್ಲುಸಕ್ಕರೆ ಇಟ್ಟು ಹೋಗಿದ್ದಳು. ಕೊಟ್ಟದ್ದು ಯಾತಕ್ಕೆಂದು ಅವಳಿಗೂ ಗೊತ್ತಿತ್ತೋ ಇಲ್ಲವೋ.

ಹಾಲು ನಿಲ್ಲಲಿಲ್ಲ. ಎದೆ ಕೆಂಪಾಗಿ, ಕಾದು, ಜ್ವರ ಬಂತು. ಗಂಗಮಾಳಮ್ಮ ಪೇಟೆಯಿಂದ ನಾಲ್ಕು ಮೊಳ ಮಲ್ಲಿಗೆ ತರಿಸಿ, ಬಿಡಿಸಿ, ಬಟ್ಟೆಯಲ್ಲಿಟ್ಟು ಸೊಸೆಯ ಎದೆಗೆ ತಾನೇ ಬಿಗಿದು ಕಟ್ಟಿದಳು. ಹಾಲು ಬತ್ತಿಸುವುದಕ್ಕೆ ಆ ಮನೆಯ ಹೆಂಗಸರಿಗೆ ಗೊತ್ತಿದ್ದ ಮದ್ದು ಅದು. ಗಂಟು ಹಾಕುತ್ತಾ, "ನೋವಾಗ್ತದಾ ಅಮ್ಮಿ?" ಎಂದು ಕೇಳಿದಳು. ಕಿರುಗಿಂಡಿ ಬಿಟ್ಟರೆ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಮೂರು ದಿನ ಮಲ್ಲಿಗೆ ಬಾಡಿತು, ಕೊಳೆಯಿತು. ನಾಲ್ಕನೆಯ ದಿನ ಬಟ್ಟೆ ಬಿಚ್ಚಿದಾಗ ಎದೆ ಮತ್ತೆ ಹಗುರಾಗಿತ್ತು. ಅಲ್ಲಿಂದಾಚೆಗೆ ಜಗದಾಂಬ ಮಲ್ಲಿಗೆ ಮುಡಿಯಲಿಲ್ಲ. ಅವಳು ಮತ್ತೆ ಹೆರಲೂ ಇಲ್ಲ.

ಚಂದ್ರಶೇಖರಯ್ಯನ ಲೇಖನ ಮಾರನೆಯ ವರ್ಷ ಅಚ್ಚಾಯಿತು. 'ಮರಿ ಹಾಕುವ ಮೀನುಗಳು: ಒಂದು ಗೃಹಪ್ರಯೋಗ.' ಅದರಲ್ಲಿ ಒಂದು ಸಾಲು ಹೀಗಿತ್ತು: 'ಆಹಾರವು ಯಥೇಚ್ಛವಾಗಿದ್ದಲ್ಲಿ ತಾಯಿಮೀನು ಮರಿಗಳನ್ನು ತಿನ್ನುವುದಿಲ್ಲವೆಂಬುದನ್ನು ಈ ಲೇಖಕನು ಗಮನಿಸಿದ್ದಾನೆ.' ಅವನು ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟು ಎರಡು ದಿನ ಕಾದ. ಅವಳು ಧೂಳು ಒರೆಸಿದಳು, ಪತ್ರಿಕೆಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. ಅವಳಿಗೆ ಓದಲು ಬರುತ್ತಿತ್ತು. ಅದು ಅವನಿಗೂ ಗೊತ್ತಿತ್ತು.

ತೊಟ್ಟಿ ಮಾತ್ರ ಅಲ್ಲೇ ಉಳಿಯಿತು. ಷರೀಫನ ಪುಟ್ಟಿ ಗಟ್ಟಿಯಾಗಿತ್ತು. ಅವಳು ಪಾಚಿ ಹಾಕುತ್ತಿದ್ದಳು, ಹುರಿಗಡಲೆ ಹಿಟ್ಟು ಉದುರಿಸುತ್ತಿದ್ದಳು, ತಾಯಿಗಳಿಗೆ ಹೊಟ್ಟೆ ತುಂಬ ಸೊಳ್ಳೆಮರಿ ಕೊಡುತ್ತಿದ್ದಳು. ಮರಿಗಳು ಸಾವಿರವಾದವು. ಮಧುಗಿರಿಯ ಅರ್ಧ ಬಾವಿಗಳಲ್ಲಿ ಅವಳ ಮೀನುಗಳಿದ್ದವು.

ಇಸವಿ ಅರವತ್ತೆರಡರ ಬೇಸಿಗೆಯಲ್ಲಿ ಕಮಲಾಕ್ಷಮ್ಮ ಮೊದಲ ಸಲ ಮಗಳನ್ನು ಕರೆದುಕೊಂಡು ಬಂದಳು. ಶಿವಗಂಗ ಎಂದು ಹೆಸರು. ಏಳು ವರ್ಷ, ಉದ್ದ ಕುತ್ತಿಗೆ, ಬಿಸಿಲಿಗೆ ಕೆಂಪಾದ ಮುಖ. ಬಸ್ಸಿಳಿದು ಬಂದವಳು ಸೀದಾ ಕಿರುಕೋಣೆಗೆ ನುಗ್ಗಿ ಗಾಜಿಗೆ ಮೂಗು ಒತ್ತಿದಳು.

"ಚಿಕ್ಕಪ್ಪ, ಇದ್ರಲ್ಲಿ ಇವುಗಳ ಅಮ್ಮ ಯಾವ್ದು?"

ಚಂದ್ರಶೇಖರಯ್ಯ ಅವಳ ಹಿಂದೆ ನಿಂತಿದ್ದ. ಕೂದಲು ನರೆಯುತ್ತಿತ್ತು. "ಆ ದೊಡ್ಡದು," ಅಂದ.

"ಅಮ್ಮ ಮೀನು ಮರೀನೇ ತಿಂತದಂತೆ? ನಮ್ ಶಾಲೇಲಿ ಹೇಳಿದ್ರು."

ಬಾಗಿಲಲ್ಲಿ ಜಗದಾಂಬ ನಿಂತಿದ್ದಳು. ಅವಳನ್ನು ನೋಡಿ ಅವನು ಪಕ್ಕಕ್ಕೆ ಸರಿದ.

"ಹಸಿದಿದ್ರೆ ತಿಂತದೆ," ಅಂದಳು ಜಗದಾಂಬ. "ಹಸಿಯೋಕೆ ಬಿಟ್ಟೋರು ಬೇರೆ ಇರ್ತಾರೆ."

ಹುಡುಗಿಗೆ ಅರ್ಥವಾಗಲಿಲ್ಲ. "ಚಿಕ್ಕಮ್ಮ, ಬಾಯಾರಿಕೆ," ಅಂದಳು.

ಅಡುಗೆಮನೆಯಿಂದ ತಂದ ನೀರನ್ನು ಶಿವಗಂಗ ನಿಂತ ಕಡೆಯೇ ಎತ್ತಿ ಕುಡಿದು ಲೋಟವನ್ನು ಮತ್ತೆ ಚಾಚಿದಳು. ಪಡಸಾಲೆಯ ಮೂಲೆಯಲ್ಲಿ, ಈಗ ಕಣ್ಣು ಕಾಣದೆ ಗೋಡೆಗೆ ಒರಗಿ ಕೂತಿರುತ್ತಿದ್ದ ಗಂಗಮಾಳಮ್ಮ ಸದ್ದು ಕೇಳಿ, "ಊಟದ ಮುಂಚೆ ಅಷ್ಟು ನೀರು ಕೊಡಬ್ಯಾಡ ಕಣೇ, ಕೂಸಿಗೆ ಹೊಟ್ಟೆ ಉಬ್ಬರ್ಸ್ತದೆ," ಅಂದಳು.

ಜಗದಾಂಬ ಲೋಟವನ್ನು ಮತ್ತೆ ತುಂಬಿಸಿದಳು. ಹುಡುಗಿ ಅದನ್ನೂ ಕುಡಿದಳು. ನೀರು ಗಲ್ಲದಿಂದ ಇಳಿದು ಕತ್ತಿನ ಲಿಂಗದ ಕರಡಿಗೆಯ ಮೇಲೆ ಹನಿಯಿತು. ಇನ್ನೂ ಬೇಕಾ ಎಂದು ಕೇಳಿದ್ದಕ್ಕೆ ಸಾಕೆಂದು ತಲೆಯಾಡಿಸಿ, ಲೋಟವನ್ನು ಅವಳ ಕೈಗಿಟ್ಟು, "ಅಮ್ಮಾ" ಎಂದು ಕೂಗುತ್ತಾ ಪಡಸಾಲೆಯ ಕಡೆ ಓಡಿದಳು.